ಅಡಿಟಿಪ್ಪಣಿಗಳಲ್ಲಿ ಸಿಕ್ಕ ಕಿನ್ನರರು

14 ಡಿಸೆಂಬರ್ 2025, ಭಾನುವಾರ

ನಿನ್ನೆ ರಾತ್ರಿ ಓದಿ ಮುಗಿಸಿದ ಕಾದಂಬರಿಯನ್ನು ಇಂದು ಬೆಳಿಗ್ಗೆ ಮತ್ತೆ ಕೈಗೆತ್ತಿಕೊಂಡು, ಅಡಿಟಿಪ್ಪಣಿಗಳನ್ನಷ್ಟೇ ಮೊದಲಿನಿಂದ ಕೊನೆಯವರೆಗೆ ಓದಿದೆ. ಕಿನ್ನರರನ್ನು, ಅಂದರೆ ಐರ್ಲೆಂಡ್, ಸ್ಕಾಟ್ಲೆಂಡ್‌ಗಳ ಜನಪದರು ನಂಬಿದ್ದ ಫೇರಿಗಳನ್ನು, ಅಧ್ಯಯನ ಮಾಡಲು ಹೊರಟ ವಿದ್ವಾಂಸೆಯ ಕಥೆ ಅದು. ಈಚೆಗೆ ‘ಕೋಜಿ ಫ್ಯಾಂಟಸಿ’, ಅಂದರೆ ಬೆಚ್ಚಗೆ ಹಿತವೆನಿಸುವ ಕಲ್ಪನಾಕಥೆ, ಎಂದು ಕರೆಯುವ ಬಗೆಯದು. ಒಂದು ಪುಟದಲ್ಲಿ ಆಕೆ ಮರಗಟ್ಟಿದ ಬೆರಳುಗಳಲ್ಲೇ ಹಿಮದ ಮೇಲಿನ ಪುಟ್ಟ ಹೆಜ್ಜೆಗುರುತನ್ನು ಅಳೆಯುತ್ತಾಳೆ, ಹಿಮ್ಮಡಿಯ ಗುರುತೇ ಇಲ್ಲವೆಂದು ಬರೆದುಕೊಳ್ಳುತ್ತಾಳೆ; ಕೆಳಗೆ ಅರ್ಧ ಪುಟದ ಟಿಪ್ಪಣಿಯಲ್ಲಿ ಹಿಂದಿನ ವಿದ್ವಾಂಸರೊಬ್ಬರೊಡನೆ ವಾದಕ್ಕಿಳಿಯುತ್ತಾಳೆ.

ಇಂಥ ಕಥೆಗಳು ಹಿತವೆನಿಸುವುದು ಒಲೆಯ ಕಾವು, ಬಿಸಿ ಚಹಾ, ಕಾಲ ಬಳಿ ಮಲಗಿದ ನಾಯಿ ಇವುಗಳಿಂದ ಎಂದು ಹೇಳುವುದುಂಟು. ಅವೂ ನನಗೆ ಪ್ರಿಯವೇ. ಆದರೆ ನನ್ನನ್ನು ನಿಜವಾಗಿ ಸೆಳೆಯುವುದು, ಹೆದರುವುದಕ್ಕೆ ಮೊದಲು ಕೇಳಿ ತಿಳಿಯಬೇಕೆನ್ನುವ ಆಕೆಯ ತಾಳ್ಮೆ. ಏಕೆಂದರೆ ಮೂಲದ ನಂಬಿಕೆ ಸೌಮ್ಯವಾದುದಲ್ಲ. ಕಿನ್ನರರು ಕೊಟ್ಟದ್ದನ್ನು ತಿಂದವರು ಮರಳಿ ಬರಲಾರರು, ತೊಟ್ಟಿಲ ಮಗುವನ್ನು ಒಯ್ದು ತಮ್ಮದೊಂದನ್ನು ಮಲಗಿಸಿ ಹೋಗುತ್ತಾರೆ, ಕಬ್ಬಿಣ ಅವರಿಂದ ರಕ್ಷೆ ಎಂಬ ಮಾತುಗಳಲ್ಲಿ ಜನ ಬದುಕಿದ್ದರು. 1895ರಲ್ಲಿ ಐರ್ಲೆಂಡಿನ ಟಿಪರರಿಯಲ್ಲಿ ಬ್ರಿಜೆಟ್ ಕ್ಲಿಯರಿ ಎಂಬ ತರುಣಿ ಗಂಡನ ಕೈಯಲ್ಲೇ ಸುಟ್ಟು ಸತ್ತಳು. ಮನೆಯಲ್ಲಿರುವವಳು ತನ್ನ ಹೆಂಡತಿಯಲ್ಲ, ಕಿನ್ನರರು ಬಿಟ್ಟುಹೋದ ಬದಲಿ ಎಂದು ಆತ ಹೇಳುತ್ತಿದ್ದ. ಅದನ್ನು ನೆನೆದಾಗಲೆಲ್ಲ, ನಿರ್ಣಯಕ್ಕೆ ಆತುರಪಡದೆ ಟಿಪ್ಪಣಿ ಪುಸ್ತಕ ತೆರೆಯುವ ಈ ನಾಯಕಿಯ ಮೇಲೆ ನನಗೆ ಗೌರವ ಹೆಚ್ಚುತ್ತದೆ.

ಅಂಥವರು ನಿಜವಾಗಿಯೂ ಇದ್ದರು. ಸ್ಕಾಟ್ಲೆಂಡಿನ ಅಬರ್‌ಫಾಯ್ಲ್‌ನ ಪಾದ್ರಿ ರಾಬರ್ಟ್ ಕರ್ಕ್ ಹದಿನೇಳನೆಯ ಶತಮಾನದ ಕೊನೆಯಲ್ಲಿ, ಕಿನ್ನರರ ದೇಹ ಹೆಪ್ಪುಗಟ್ಟಿದ ಮೋಡದಂಥದು, ಮುಸ್ಸಂಜೆಯಲ್ಲಿ ಚೆನ್ನಾಗಿ ಕಾಣುತ್ತದೆ ಎಂದು ಗಂಭೀರವಾಗಿ ಬರೆದಿಟ್ಟರು. ಅವರು 1692ರಲ್ಲಿ ತೀರಿಕೊಂಡಾಗ, ಕಿನ್ನರರೇ ಕರೆದೊಯ್ದರೆಂದು ಊರವರು ಹೇಳಿಕೊಂಡರು. 1937ರಿಂದ 1939ರವರೆಗೆ ಐರ್ಲೆಂಡಿನ ಶಾಲಾಮಕ್ಕಳು ಮನೆಯ ಹಿರಿಯರನ್ನು ಕೇಳಿ ಇಂಥ ಕಥೆಗಳನ್ನು ನೋಟ್‌ಬುಕ್ಕುಗಳಲ್ಲಿ ಬರೆದುಕೊಂಡರು. ಅಜ್ಜಿಯ ಎದುರು ಪೆನ್ಸಿಲ್ ಹಿಡಿದು ಕುಳಿತ ಆ ಮಕ್ಕಳೂ ನನ್ನ ದೃಷ್ಟಿಯಲ್ಲಿ ವಿದ್ವಾಂಸರೇ.

ಕಾದಂಬರಿಯ ಕೊನೆಯ ಅಡಿಟಿಪ್ಪಣಿ ಎರಡೇ ಸಾಲಿನದು. ಹೆಜ್ಜೆಗುರುತಿನ ಬಗ್ಗೆ ತಾನು ಬರೆದದ್ದು ತಪ್ಪಾಗಿತ್ತೆಂದೂ, ಆ ಹೆಜ್ಜೆಯಿಟ್ಟವನನ್ನೇ ಕೇಳಿ ಅದನ್ನು ತಿದ್ದಿರುವುದಾಗಿಯೂ ಆಕೆ ಅಲ್ಲಿ ಬರೆದಿದ್ದಾಳೆ.