ಪುಟ್ಟ ಬಾಯಿ, ದೊಡ್ಡ ಟ್ರೇ

ಬಾಯೊಳಗೆ ಆಡಿಸಿ ಹಲ್ಲಿನ ಚಿತ್ರ ತೆಗೆಯೋ ಸ್ಕ್ಯಾನರ್ ಬಂದ ಮಾತ್ರಕ್ಕೆ ಮಕ್ಕಳ ಹಲ್ಲಿನ ಅಳತೆ ಸಲೀಸಾಯ್ತು ಅಂತಲ್ಲ. ಹಳೇ ವಿಧಾನದಲ್ಲಿ, ಹಲ್ಲಿನ ಅಚ್ಚು ತೆಗೆಯೋಕೆ ಟ್ರೇಗೆ ತುಂಬಿ ಬಾಯಲ್ಲಿಡೋ ಆಲ್ಜಿನೇಟ್ ಅನ್ನೋ ಮೆತ್ತನೆ ಪೇಸ್ಟು ಟ್ರೇಯಿಂದ ಹಿಂದಕ್ಕೆ ಜಾರಿ ಗಂಟಲ ಕಡೆ ತಾಗಿತೋ, ಓಕರಿಕೆ ಖಾತ್ರಿ. ಗಟ್ಟಿಯಾಗೋವರೆಗೆ ತೆಗೆಯೋ ಹಾಗೂ ಇಲ್ಲ. ಆ ಒಂದೆರಡು ನಿಮಿಷ ಮಗುವಿಗೆ ಒಂದು ಯುಗ. ಅದಕ್ಕೇ ಕೆಳದವಡೆ ಮೊದಲು. ಮೇಲಿನದಕ್ಕೆ ಟ್ರೇಯ ಹಿಂದೆ ಕಮ್ಮಿ ತುಂಬಿ, ಮೊದಲು ಹಿಂಭಾಗ ಒತ್ತಿ ಆಮೇಲೆ ಮುಂಭಾಗ. ಮಗು ನೆಟ್ಟಗೆ ಕೂತು ತಲೆ ಮುಂದಕ್ಕೆ ಬಾಗಿಸಿ ಮೂಗಲ್ಲೇ ಉಸಿರಾಡಲಿ. ಆಲ್ಜಿನೇಟ್ ಕಲಸೋ ನೀರು ತಣ್ಣಗಿದ್ದಷ್ಟೂ ಗಟ್ಟಿಯಾಗೋದು ತಡ, ನೆನಪಿರಲಿ.

ಸ್ಕ್ಯಾನಿಂಗನ್ನ ನಡುವೆ ನಿಲ್ಲಿಸಿ ಮುಂದುವರಿಸಬಹುದು, ಅದೇ ದೊಡ್ಡ ಸಮಾಧಾನ. ಆದ್ರೆ ಕಡೇ ದವಡೆಹಲ್ಲಿನ ಹತ್ರ ಸ್ಕ್ಯಾನರ್ ತುದಿ ಕೆನ್ನೆಗೆ ಒತ್ತುತ್ತೆ. ಜೊಲ್ಲು ನಿಂತರೆ ಚಿತ್ರ ಕೆಡುತ್ತೆ, ಆಗಾಗ ಒರೆಸ್ತಾ ಇರಬೇಕು. ಪರದೆ ಮಗುವಿನ ಕಡೆ ತಿರುಗಿಸಿ ನೋಡಿ: ತನ್ನ ಹಲ್ಲು ಒಂದೊಂದೇ ಮೂಡೋದು ನೋಡ್ತಾ, ತೆರೆದ ಬಾಯಿ ಮುಚ್ಚೋದೇ ಮರೆತಿರುತ್ತೆ.