ಖೈನ್ ದಂಡೆಯ ಗಾಳಿಯಂತ್ರ

ಕಳೆದ ಅಕ್ಟೋಬರ್‌ನಲ್ಲಿ ಆಮ್‌ಸ್ಟರ್‌ಡ್ಯಾಮಿಗೆ ಹೋಗಿದ್ದಾಗ ರೈಕ್ಸ್‌ಮ್ಯೂಸಿಯಂನಲ್ಲಿ ಒಂದು ಚಿಕ್ಕ ತೈಲವರ್ಣಚಿತ್ರ ನನ್ನನ್ನು ಬಹಳ ಹೊತ್ತು ನಿಲ್ಲಿಸಿಕೊಂಡಿತು. 63 ಸೆಂ.ಮೀ. ಎತ್ತರ, ಸುಮಾರು 75 ಸೆಂ.ಮೀ. ಅಗಲದ ಆ ಕ್ಯಾನ್ವಾಸಿನಲ್ಲಿ ಬೆಳದಿಂಗಳ ಹೊಳೆ, ದಂಡೆಯಲ್ಲಿ ಕಪ್ಪಗೆ ನಿಂತ ಗಾಳಿಯಂತ್ರ, ನೀರಿನಲ್ಲಿ ಅದರ ಬಿಂಬ. ಮುಂದೆ ಬಿಳಿಯ ಹಾಸಿನ ಮೇಲೆ ಕಪ್ಪು ಗೆರೆಗಳನ್ನೂ ಕೆಂಪು, ನೀಲಿ, ಹಳದಿಯ ಚೌಕಗಳನ್ನೂ ಮಾತ್ರ ಉಳಿಸಿಕೊಂಡ ಡಚ್ ಚಿತ್ರಕಾರ ಪೀಟ್ ಮಾಂಡ್ರಿಯನ್, ಅಮೂರ್ತದ ಕಡೆಗೆ ತಿರುಗುವ ಎಷ್ಟೋ ಮೊದಲು, ಸುಮಾರು 1903ರಲ್ಲಿ, ಇದನ್ನು ಬರೆದಿದ್ದ.

ಆ ಜಾಗವನ್ನು ನೋಡಲೇಬೇಕೆನಿಸಿ ಮರುದಿನ ಮಧ್ಯಾಹ್ನ ರೈಲು ಹತ್ತಿ ಹತ್ತಿರದ ಅಬ್ಕೌಡ ಎಂಬ ಊರಿನಲ್ಲಿ ಇಳಿದೆ. ಊರು ದಾಟಿದರೆ ಖೈನ್ ಹೊಳೆ. ಹೊಳೆ ಎನ್ನುವುದಕ್ಕಿಂತ ಅಂಕುಡೊಂಕಾಗಿ ಸಾಗುವ ದೊಡ್ಡ ಕಾಲುವೆ ಎಂದರೆ ನಮ್ಮವರಿಗೆ ಬೇಗ ತಿಳಿದೀತು. ಅದರ ದಂಡೆಯ ಓಸ್ಟ್‌ಜೈಡ್ಸೆ ಗಾಳಿಯಂತ್ರವನ್ನು ಮಾಂಡ್ರಿಯನ್ ಮತ್ತೆ ಮತ್ತೆ ಬರೆದಿದ್ದಾನೆ. ಇದು ಹಿಟ್ಟು ಬೀಸುವ ಯಂತ್ರವಲ್ಲ. ತಗ್ಗಿನ ಹುಲ್ಲುಗಾವಲಿನಲ್ಲಿ ನಿಲ್ಲುವ ನೀರನ್ನು ಎತ್ತಿ ಹೊರಹಾಕಲು ಕಟ್ಟಿದ್ದು. ದಂಡೆಯ ಮೇಲೆ ನಿಂತು ಒಂದು ಕಡೆ ನೀರನ್ನೂ ಇನ್ನೊಂದು ಕಡೆ ಅದಕ್ಕಿಂತ ಕೆಳಗಿರುವ ಹಸುರನ್ನೂ ನೋಡಿದಾಗ ಅದರ ಅಗತ್ಯ ತಾನಾಗಿ ಅರ್ಥವಾಯಿತು.

ಹುಲ್ಲುಗಾವಲಿನ ನಡುವಿನ ನೇರ ಕಾಲುವೆಗಳನ್ನು ಕಂಡವರು ಅವನ ಮುಂದಿನ ಗೆರೆಗಳು ಇಲ್ಲಿಂದಲೇ ಬಂದವೆಂದು ಹೇಳಿಬಿಡಬಹುದು. ನನಗೆ ಅದು ಅವಸರದ ಮಾತೆನಿಸುತ್ತದೆ. ಆ ಗೆರೆಗಳಿಗೂ ಈ ಚಿತ್ರಕ್ಕೂ ನಡುವೆ 1908ರ ಹೊತ್ತಿನ ಉರಿಯುವ ಬಣ್ಣಗಳ ಮರಗಳಿವೆ, ಪ್ಯಾರಿಸಿನಲ್ಲಿ ಕ್ಯೂಬಿಸಂ ಜೊತೆ, ಅಂದರೆ ವಸ್ತುಗಳನ್ನು ಕೋನಕೋನದ ತುಂಡುಗಳಾಗಿ ಒಡೆದು ಬರೆಯುವ ಶೈಲಿಯ ಜೊತೆ, ನಡೆಸಿದ ವರ್ಷಗಳ ಹೆಣಗಾಟವಿದೆ. ನನ್ನನ್ನು ಹಿಡಿದದ್ದು ಗೆರೆಯಲ್ಲ, ಅವನು ಆರಿಸಿಕೊಂಡ ಹೊತ್ತು.

ಅದನ್ನು ಕಣ್ಣಾರೆ ಕಾಣಲೆಂದೇ ಕತ್ತಲಾಗುವವರೆಗೆ ಅಲ್ಲಿ ಉಳಿದೆ. ಮೊದಲು ಗಾಳಿಯಂತ್ರದ ಬಾಗಿಲು, ಕಿಟಕಿಗಳು ಮಸುಕಾದವು; ಬಳಿಕ ದಂಡೆಯ ಹುಲ್ಲಿನ ಎಸಳುಗಳೆಲ್ಲ ಒಂದೇ ಕಪ್ಪಾದವು; ಕೊನೆಗೆ ಆಕಾಶದ ಎದುರು ನಾಲ್ಕು ರೆಕ್ಕೆಗಳ ಆಕಾರವೊಂದೇ ನಿಂತಿತು, ನೀರಿನಲ್ಲಿ ಅದೇ ಆಕಾರ ತಲೆಕೆಳಗಾಗಿ ಇನ್ನೊಮ್ಮೆ. ವಿವರಗಳನ್ನು ಬಿಡುವ ಕೆಲಸವನ್ನು ಆಗಿನ್ನೂ ಅವನ ಕುಂಚವಲ್ಲ, ಇರುಳೇ ಅವನಿಗಾಗಿ ಮಾಡುತ್ತಿತ್ತು. ಬಾತುಕೋಳಿಯೊಂದು ಹಾದುಹೋಗಿ ನೀರಿನ ರೆಕ್ಕೆಗಳು ಚೂರುಚೂರಾದವು. ಅವು ಮತ್ತೆ ಕೂಡಿಕೊಳ್ಳುವವರೆಗೆ ಕಾದು, ನಿಲ್ದಾಣದ ದಾರಿ ಹಿಡಿದೆ.