ಅಂಗಡಿಯಲ್ಲಿ ಒತ್ತಿ ನೋಡಿದರೆ ತಿಳಿಯದ ಗಟ್ಟಿತನ

ಕಾರವಾರದಲ್ಲಿ ಲ್ಯಾಪ್‌ಟಾಪ್ ರಿಪೇರಿ ನನ್ನ ಕಸುಬು. ಕೆಟ್ಟ ಮೇಲೆ ಬರುವವರು ಬರುತ್ತಲೇ ಇರುತ್ತಾರೆ; ಈಚೆಗೆ ಕೊಳ್ಳುವ ಮೊದಲೇ ಬಂದು ಕೂರುವವರೂ ಹೆಚ್ಚಾಗಿದ್ದಾರೆ. ಅವರಿಗೆ ಬೇಕಿರುವುದು ಬಹುತೇಕ 13 ಅಥವಾ 14 ಇಂಚಿನ ಸಣ್ಣ ಯಂತ್ರ. ಬೆಲೆ, ಪ್ರೊಸೆಸರ್, ಬ್ಯಾಟರಿ ಎಲ್ಲವನ್ನೂ ಓದಿಕೊಂಡೇ ಬಂದಿರುತ್ತಾರೆ. ಉಳಿದಿರುವುದು ಒಂದೇ ಅನುಮಾನ: "ಬಾಡಿ ಗಟ್ಟಿ ಇದೆಯೇ?" ವಿಡಿಯೊದಲ್ಲಿ ಯಾರೋ ಪರದೆಯ ಮೂಲೆ ಹಿಡಿದು ತಿರುಚಿದ್ದನ್ನು, ಕೀಬೋರ್ಡಿನ ನಟ್ಟನಡುವೆ ಹೆಬ್ಬೆರಳು ಊರಿ ಕುಗ್ಗಿಸಿ ತೋರಿಸಿದ್ದನ್ನು ನೋಡಿ ಅವರ ನಿದ್ದೆ ಕೆಟ್ಟಿರುತ್ತದೆ.

ಕೀಬೋರ್ಡ್ ಕುಗ್ಗಿದ ಕಾರಣಕ್ಕೆ ಕೆಟ್ಟ ಲ್ಯಾಪ್‌ಟಾಪನ್ನು ನಾನಂತೂ ಕಂಡಿಲ್ಲ. ಮುಚ್ಚಳವನ್ನು ತಳಕ್ಕೆ ಸೇರಿಸುವ ಹಿಂಜ್ ಕಿತ್ತುಬಂದವು, ಚಾರ್ಜಿಂಗ್ ಪಿನ್ ಸಡಿಲಗೊಂಡವು, ಬ್ಯಾಟರಿ ಉಬ್ಬಿ ಟಚ್‌ಪ್ಯಾಡನ್ನು ಮೇಲೆತ್ತಿದವು ಮಾತ್ರ ಕಪಾಟಿನ ತುಂಬ ಇವೆ. ಕೈಗೆ ತಾಗುವ ಗಟ್ಟಿತನ ಬೇರೆ, ಬಾಳಿಕೆ ಬೇರೆ. ಒಂದು ಯಂತ್ರದ ಕೊರತೆಯನ್ನು ತೂಗುವಾಗ ನಾನು ನೋಡುವುದು ಇಷ್ಟು: ಈ ಭಾಗ ಕೈಕೊಟ್ಟರೆ ತನ್ನ ಜೊತೆಗೆ ಇನ್ನೇನನ್ನು ಕೆಡವುತ್ತದೆ, ಅದನ್ನು ಸರಿಪಡಿಸುವುದು ಈ ಊರಿನಲ್ಲಿ ಆಗುವ ಕೆಲಸವೇ?

ಹಿಂಜಿನ ಮಾತನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕು. ನಮ್ಮ ಕಸುಬಿನಲ್ಲಿ ಲ್ಯಾಪ್‌ಟಾಪಿನ ಹೊರಮೈಯನ್ನು ಎ, ಬಿ, ಸಿ, ಡಿ ಎಂದು ನಾಲ್ಕು ಪ್ಯಾನೆಲ್‌ಗಳಾಗಿ ಕರೆಯುತ್ತೇವೆ. ಪರದೆಯ ಬೆನ್ನು ಎ, ಪರದೆಯ ಸುತ್ತಲಿನ ಚೌಕಟ್ಟು ಬಿ, ಕೈ ಊರುವ ಕೀಬೋರ್ಡಿನ ಭಾಗ ಸಿ, ತಳ ಡಿ. "ಮೆಟಲ್ ಬಾಡಿ" ಎಂದು ಮಾರುವ ಮಧ್ಯಮ ಬೆಲೆಯ ಎಷ್ಟೋ ಯಂತ್ರಗಳಲ್ಲಿ ಲೋಹ ಇರುವುದು ಎ ಪ್ಯಾನೆಲ್‌ನಲ್ಲಿ ಮಾತ್ರ, ಏಕೆಂದರೆ ಗಿರಾಕಿ ಮೊದಲು ಮುಟ್ಟುವುದು ಅದನ್ನು. ಹಿಂಜಿನ ಕಾಲು ಕೂರುವುದು ಸಿ ಪ್ಯಾನೆಲ್‌ನ ಒಳಮೈಯಲ್ಲಿ. ಅಲ್ಲಿ ಪ್ಲಾಸ್ಟಿಕ್ಕಿನ ಸಣ್ಣ ಗೂಟಗಳಿರುತ್ತವೆ. ಗೂಟದೊಳಗೆ ಕಾಯಿಸಿ ಕೂರಿಸಿದ ಹಿತ್ತಾಳೆಯ ನಟ್, ನಟ್‌ಗೆ ಸ್ಕ್ರೂ. ದೊಡ್ಡ ಯಂತ್ರದಲ್ಲಿ ಹಿಂಜಿನ ಕಾಲು ಅಗಲವಾಗಿ ಚಾಚಿಕೊಳ್ಳಲು ಜಾಗವಿದೆ. ಸಣ್ಣ, ತೆಳು ಯಂತ್ರದಲ್ಲಿ ಜಾಗವೇ ಇಲ್ಲ. ಗೂಟ ಗಿಡ್ಡ, ನಟ್ ಸಣ್ಣದು, ಸ್ಕ್ರೂ ಎರಡೋ ಮೂರೋ.

ಇನ್ನು ಹಿಂಜ್ ಎಂದರೆ ಉಕ್ಕಿನ ಒಂದು ದಂಡಕ್ಕೆ ಪೋಣಿಸಿದ ಬಿಗಿ ವಾಷರ್‌ಗಳು, ನಡುವೆ ಗ್ರೀಸ್. ಪರದೆ ನಿಂತಲ್ಲಿ ನಿಲ್ಲುವುದು ಆ ವಾಷರ್‌ಗಳ ಉಜ್ಜಾಟದ ಬಲದಿಂದ. ವರ್ಷಕ್ಕೆ ಸುಮಾರು 3000 ಮಿಲಿಮೀಟರ್ ಮಳೆ ಸುರಿಯುವ, ಉಳಿದ ದಿನಗಳಲ್ಲಿ ಕಡಲಿನ ಉಪ್ಪುಗಾಳಿ ಬೀಸುವ ಊರು ನಮ್ಮದು. ಗ್ರೀಸ್ ಒಣಗಿ, ವಾಷರ್‌ಗಳ ನಡುವೆ ತುಕ್ಕು ಹತ್ತಿದರೆ ಹಿಂಜ್ ಬಿಗಿಯಾಗುತ್ತದೆ. ಬಿಗಿಯಾದದ್ದು ಗಿರಾಕಿಗೆ ತಿಳಿಯುವುದಿಲ್ಲ. ಬದಲಿಗೆ "ಹೊಸದರಲ್ಲಿ ಇದ್ದಷ್ಟೇ ಟೈಟ್ ಇದೆ ನೋಡಿ" ಎಂದು ಹೆಮ್ಮೆಪಡುತ್ತಾರೆ. ಆ ಬಿಗಿಯೆಲ್ಲ ಸೇರಿ ಹಿತ್ತಾಳೆಯ ನಟ್‌ಗಳನ್ನು ಪ್ಲಾಸ್ಟಿಕ್ಕಿನಿಂದ ಕೀಳುತ್ತಿರುತ್ತದೆ. ಒಂದು ದಿನ ಟಪ್ ಎನ್ನುತ್ತದೆ. ಬಿಚ್ಚಿದರೆ ನಟ್ ಸ್ಕ್ರೂವಿಗೇ ಕಚ್ಚಿಕೊಂಡಿರುತ್ತದೆ, ಸುತ್ತ ಒಡೆದ ಪ್ಲಾಸ್ಟಿಕ್ಕಿನ ಉಂಗುರ. ಕೆಲವೊಮ್ಮೆ ನಟ್ ಉದುರಿ ಒಳಗೇ ಉರುಳಾಡುತ್ತಿರುತ್ತದೆ. ಅಲುಗಾಡಿಸಿದರೆ ಕಿಣಿಕಿಣಿ ಸದ್ದು. ಆ ಸದ್ದಿನೊಂದಿಗೆ ಯಂತ್ರವನ್ನು ಚಾಲೂ ಮಾಡಬಾರದು, ಮದರ್‌ಬೋರ್ಡಿನ ಮೇಲೆ ಬಿದ್ದು ಶಾರ್ಟ್ ಆದರೆ ನೂರರಲ್ಲಿ ಮುಗಿಯುವ ಕೆಲಸ ಸಾವಿರಗಳಿಗೆ ಹೋಗುತ್ತದೆ. ಪರದೆಯ ಕೇಬಲ್ ಹಾದುಹೋಗುವುದೂ ಹಿಂಜಿನ ಪಕ್ಕದಲ್ಲೇ. ಹಿಂಜ್ ಹೋದರೆ ಒಂಟಿಯಾಗಿ ಹೋಗುವುದಿಲ್ಲ.

ಹಾಗಾಗಿ ಅಂಗಡಿಯಲ್ಲಿ ನಿಂತು ನೋಡಬೇಕಾದದ್ದು ಮುಚ್ಚಳ ಎಷ್ಟು ಬಗ್ಗುತ್ತದೆ ಎಂಬುದಕ್ಕಿಂತ ಮೊದಲು, ಅದು ಹೇಗೆ ತೆರೆಯುತ್ತದೆ ಎಂಬುದು. ಮೇಜಿನ ಮೇಲಿಟ್ಟು ನಡುವೆ ಒಂದೇ ಬೆರಳಿನಿಂದ ಎತ್ತಿ. ತಳ ಮೇಲೇಳದೆ ಮುಚ್ಚಳ ತೆರೆದುಕೊಂಡರೆ ಹಿಂಜಿನ ಬಿಗಿ ಹದವಾಗಿದೆ. ಇಡೀ ಯಂತ್ರವೇ ಎದ್ದು ಬಂದರೆ, ಸಿ ಪ್ಯಾನೆಲ್ ಪ್ಲಾಸ್ಟಿಕ್ ಆಗಿದ್ದರೆ, ನಾನಾದರೆ ಬೇರೆ ಮಾದರಿ ನೋಡುತ್ತೇನೆ. ತೆರೆಯುತ್ತ ಹೋದಂತೆ ಹಿಂಜಿನ ಹತ್ತಿರ ಬಿ ಪ್ಯಾನೆಲ್ ಬಾಯಿ ಬಿಡುತ್ತದೆಯೇ ಎಂದು ಬಗ್ಗಿ ನೋಡಿ. ಅಂಗಡಿಯವನು ಮುಖ ಸಿಂಡರಿಸಿದರೆ ಸಿಂಡರಿಸಲಿ.

ಕಳೆದ ಮಳೆಗಾಲಕ್ಕೆ ಮೊದಲು ಹೈಸ್ಕೂಲಿನ ಅಕ್ಕೋರೊಬ್ಬರು ಎರಡು ಲ್ಯಾಪ್‌ಟಾಪ್‌ಗಳ ಹೆಸರು ಬರೆದುಕೊಂಡು ಬಂದಿದ್ದರು. ದಿನವೂ ಬಸ್ಸಿನಲ್ಲಿ ಅಂಕೋಲೆಗೆ ಹೋಗಿ ಬರುವವರು. ಒಂದು ಪೂರ್ತಿ ಅಲ್ಯೂಮಿನಿಯಂ, ಒಂದು ಕೆ.ಜಿ.ಗಿಂತ ಸ್ವಲ್ಪವೇ ಹೆಚ್ಚು ತೂಕ. ಇನ್ನೊಂದು ಕಚೇರಿಗಳಿಗೆಂದು ಮಾಡುವ ಸಾಲಿನದು, ಪ್ಲಾಸ್ಟಿಕ್, ಕೊಂಚ ದಪ್ಪ.

"ತಮ್ಮಾ, ಇದು ಕಲ್ಲಿನ ಹಾಗಿದೆ. ಅದನ್ನು ಒತ್ತಿದರೆ ಕರಕರ ಎನ್ನುತ್ತದೆ. ಆದರೂ ನೀನು ಅದನ್ನೇ ನೋಡುತ್ತಿದ್ದೀಯಲ್ಲ?"

"ಅಕ್ಕೋರೆ, ನಿಮ್ಮ ಚೀಲದಲ್ಲಿ ಇನ್ನೇನೇನು ಇರುತ್ತದೆ?"

ಟಿಫಿನ್ ಡಬ್ಬಿ, ನೀರಿನ ಬಾಟಲಿ, ಒದ್ದೆ ಕೊಡೆ, ತಿದ್ದಲು ತಂದ ನೋಟ್‌ಬುಕ್ಕುಗಳು, ಚಾರ್ಜರ್. ನನಗೆ ಬೇಕಿದ್ದ ಉತ್ತರ ಅದೇ. ಬಸ್ಸಿನಲ್ಲಿ ನಿಂತು ಹೋಗುವವರ ಚೀಲದಲ್ಲಿ ಪೆಟ್ಟು ಬೀಳುವುದು ಮುಚ್ಚಳಕ್ಕೆ. ಚಾರ್ಜರಿನ ಡಬ್ಬಿಯೋ ಟಿಫಿನ್ನಿನ ಅಂಚೋ ಎ ಪ್ಯಾನೆಲ್ಲನ್ನು ಒತ್ತುತ್ತದೆ, ಒಳಗಿನ ಪರದೆಯ ಮೇಲೆ ಬಿಳಿ ಕಲೆ ಬೀಳುತ್ತದೆ, ಇಲ್ಲವೇ ಬಿರುಕು. ಇವರ ಮಟ್ಟಿಗೆ ಮುಚ್ಚಳದ ಬಳುಕು ನಿಜಕ್ಕೂ ಚಿಂತೆಯ ವಿಷಯ. ಕೀಬೋರ್ಡಿನ ಕರಕರ ಅಲ್ಲ. ಅಲ್ಯೂಮಿನಿಯಂ ಯಂತ್ರಕ್ಕೆ ಇಲ್ಲಿ ಒಂದು ಅಂಕ ಕೊಡಲೇಬೇಕು, ಕೊಟ್ಟೆ ಕೂಡ. ಆದರೆ ಅದಕ್ಕೆ ಚಾರ್ಜಿಂಗ್ ಮತ್ತು ಪೆನ್‌ಡ್ರೈವ್ ಎರಡಕ್ಕೂ ಇದ್ದದ್ದು ಒಂದೇ ಪಕ್ಕದಲ್ಲಿ ಎರಡು ಟೈಪ್-ಸಿ ಪೋರ್ಟ್, ಎರಡೂ ಮದರ್‌ಬೋರ್ಡಿಗೇ ಬೆಸುಗೆ. ಕೀಬೋರ್ಡ್ ಸಿ ಪ್ಯಾನೆಲ್‌ಗೆ ರಿವೆಟ್, ಅದನ್ನಷ್ಟೇ ಬದಲಿಸಲಾಗದು. ರ‍್ಯಾಮ್ ಕೂಡ ಬೆಸುಗೆ, ಮುಂದೆ ಹೆಚ್ಚಿಸುವ ದಾರಿಯಿಲ್ಲ.

ಟೈಪ್-ಸಿ ಪೋರ್ಟ್ ಚೊಕ್ಕಟವಾದ ವಸ್ತು. ಎರಡು ಸಾಲುಗಳಲ್ಲಿ 24 ಪಿನ್, 10,000 ಸಲ ಚುಚ್ಚಿ ತೆಗೆದರೂ ತಾಳಬೇಕೆಂಬ ಮಾನದಂಡ. ಆದರೆ ಆ ಲೆಕ್ಕ ನೇರವಾಗಿ ಚುಚ್ಚುವುದಕ್ಕೆ. ಕೇಬಲ್ ಚುಚ್ಚಿಕೊಂಡೇ ತೊಡೆಯ ಮೇಲಿಟ್ಟು ಪಕ್ಕಕ್ಕೆ ವಾಲುವುದಕ್ಕೆ ಅಲ್ಲ. ಇದರ ಜೊತೆಗೆ ನಮ್ಮ ಕರಾವಳಿಯ ಇನ್ನೊಂದು ಕಾಟ: ಇಂಥ ಸಣ್ಣ ಲ್ಯಾಪ್‌ಟಾಪಿಗೆ ಟೈಪ್-ಸಿಯಲ್ಲಿ ಸಾಮಾನ್ಯವಾಗಿ 20 ವೋಲ್ಟ್‌ವರೆಗೂ ಹರಿಯುತ್ತದೆ. ಒದ್ದೆ ಕೊಡೆಯ ಪಕ್ಕದಲ್ಲಿದ್ದ ಕೇಬಲ್ಲನ್ನು ಒರೆಸದೆ ಚುಚ್ಚಿದರೆ, ಉಪ್ಪಿನ ತೇವದಲ್ಲಿ ಕರೆಂಟ್ ಹರಿದು ಪಿನ್‌ಗಳು ಹಸಿರುಗಟ್ಟುತ್ತವೆ, ಸವೆಯುತ್ತವೆ. ಪೋರ್ಟ್ ಬೇರೆ ಸಣ್ಣ ಬೋರ್ಡಿನ ಮೇಲಿದ್ದರೆ ಆ ಬೋರ್ಡನ್ನೇ ಬದಲಿಸಿದರೆ ಆಯಿತು. ಮದರ್‌ಬೋರ್ಡಿಗೇ ಇದ್ದರೆ ಬಿಸಿಗಾಳಿಯ ಯಂತ್ರ ಹಿಡಿದು ಪಕ್ಕದ ಬಿಡಿಭಾಗಗಳನ್ನು ಸುಡದಂತೆ ಕೀಳಬೇಕು. ನಾನು ಮಾಡುತ್ತೇನೆ; ಆದರೆ ಗಿರಾಕಿಗೆ ಖಾತರಿ ಕೊಡಲು ಮನಸ್ಸು ಹಿಂಜರಿಯುತ್ತದೆ.

ಲೋಹದ ಬಗ್ಗೆಯೂ ಒಂದು ಮಾತು. ಅಲ್ಯೂಮಿನಿಯಂ ತುಕ್ಕು ಹಿಡಿಯುವುದಿಲ್ಲ ಎಂದು ಜನ ನಂಬಿದ್ದಾರೆ. ಕಬ್ಬಿಣದಂತೆ ಕೆಂಪಾಗುವುದಿಲ್ಲ, ಅಷ್ಟೇ. ಮೇಲಿನ ಲೇಪನ ಗೀಚಿದಲ್ಲಿ ಉಪ್ಪು ಕೂತರೆ ಚುಕ್ಕಿ ಚುಕ್ಕಿಯಾಗಿ ತೂತುಬೀಳುತ್ತದೆ. ಉಕ್ಕಿನ ಸ್ಕ್ರೂ ಅಲ್ಯೂಮಿನಿಯಂನೊಳಗೆ ಕೂತಲ್ಲಿ, ನಡುವೆ ಉಪ್ಪುನೀರಿನ ತೇವ ಸೇರಿದರೆ ಎರಡು ಲೋಹಗಳ ನಡುವೆ ಸಣ್ಣ ವಿದ್ಯುತ್ ಕೋಶವೇ ಹುಟ್ಟುತ್ತದೆ, ಸವೆಯುವುದು ಅಲ್ಯೂಮಿನಿಯಂ. ಹಗುರ ಎಂದು ಬಳಸುವ ಮೆಗ್ನೀಸಿಯಂ ಮಿಶ್ರಲೋಹ ಈ ವಿಷಯದಲ್ಲಿ ಇನ್ನೂ ಸೂಕ್ಷ್ಮ, ಬಣ್ಣ ಹೋದ ಕೂಡಲೇ ಬಿಳಿಪುಡಿ ಏಳುತ್ತದೆ. ಬೈತಖೋಲ ಬಂದರಿನಲ್ಲಿ ಮೀನಿನ ಲೆಕ್ಕ ಬರೆಯುವವರ ಲ್ಯಾಪ್‌ಟಾಪ್ ತಳ ಬಿಚ್ಚಲು ಹೋದರೆ ಸ್ಕ್ರೂ ತಲೆಯೇ ಕೈಗೆ ಬರುತ್ತದೆ. ಅವರಂಥವರಿಗೆ ಪ್ಲಾಸ್ಟಿಕ್ಕೇ ಕ್ಷೇಮ ಎಂದು ನಾನು ಧೈರ್ಯವಾಗಿ ಹೇಳುತ್ತೇನೆ. ಒಳ್ಳೆಯ ಪಾಲಿಕಾರ್ಬನೇಟ್ ಬೆರೆಸಿದ ಪ್ಲಾಸ್ಟಿಕ್ ಬಗ್ಗುತ್ತದೆ, ಮತ್ತೆ ನೆಟ್ಟಗಾಗುತ್ತದೆ. ತೆಳು ಅಲ್ಯೂಮಿನಿಯಂ ನಗ್ಗಿದರೆ ನಗ್ಗಿದ್ದೇ.

"ಮಿಲಿಟರಿ ಗ್ರೇಡ್" ಎಂಬ ಚೀಟಿ ಅಂಟಿಸಿದ ಯಂತ್ರಗಳ ಬಗ್ಗೆ ಕಾರವಾರದವರಿಗೆ ವಿಶೇಷ ಮೋಹ, ನೌಕಾನೆಲೆಯ ಊರಲ್ಲವೇ. ಆ ಚೀಟಿಯ ಹಿಂದಿರುವುದು ಮಿಲ್-ಎಸ್‌ಟಿಡಿ-810 ಎಂಬ ಅಮೆರಿಕದ ರಕ್ಷಣಾ ಇಲಾಖೆಯ ಪರೀಕ್ಷಾ ಕೈಪಿಡಿ. 2019ರಲ್ಲಿ ಅದರ ಎಚ್ ಆವೃತ್ತಿ ಬಂತು. ಅದರಲ್ಲಿ ಹತ್ತಾರು ಬಗೆಯ ಪರೀಕ್ಷೆಗಳಿವೆ. ಯಾವುದನ್ನು ಮಾಡಬೇಕು ಎಂದು ಆರಿಸಿಕೊಳ್ಳುವುದು ಲ್ಯಾಪ್‌ಟಾಪ್ ಕಂಪನಿಯೇ. ಯಾವ ಸೈನ್ಯವೂ ಬಂದು ಮುದ್ರೆ ಒತ್ತುವುದಿಲ್ಲ. ಬೀಳಿಸುವುದು, ನಡುಗಿಸುವುದು, ಎತ್ತರದ ಜಾಗದಲ್ಲಿ ಓಡಿಸುವುದು ಇವೆಲ್ಲ ಇರಲಿ, ನಮಗೆ ಬೇಕಾದದ್ದು 509ನೇ ವಿಧಾನ, ಅಂದರೆ ಉಪ್ಪುಮಂಜಿನ ಪರೀಕ್ಷೆ. ಶೇ. 5ರ ಉಪ್ಪುನೀರನ್ನು 35 ಡಿಗ್ರಿ ಬಿಸಿಯಲ್ಲಿ ಮಂಜಿನಂತೆ ಎರಚಿ, ಒಣಗಿಸಿ, ಮತ್ತೆ ಎರಚುತ್ತಾರೆ. ಕಂಪನಿ ತಾನು ಮಾಡಿದ ಪರೀಕ್ಷೆಗಳ ಪಟ್ಟಿ ಕೊಟ್ಟಿದ್ದರೆ ಅದರಲ್ಲಿ ಸಾಲ್ಟ್ ಫಾಗ್ ಇದೆಯೇ ಎಂದು ಹುಡುಕಿ. ಇಲ್ಲದಿದ್ದರೆ ಆ ಚೀಟಿಗೆ ಹೆಚ್ಚಿನ ಹಣ ಕೊಡುವ ಅಗತ್ಯ ನನಗೆ ಕಾಣುವುದಿಲ್ಲ.

ತೆಳುವಿನ ಹಟ ಎಲ್ಲಿಗೆ ಮುಟ್ಟುತ್ತದೆ ಎಂಬುದಕ್ಕೆ ನಮ್ಮ ಕಸುಬಿನವರು ಮತ್ತೆ ಮತ್ತೆ ನೆನೆಯುವ ಉದಾಹರಣೆ ಆಪಲ್‌ನ ಬಟರ್‌ಫ್ಲೈ ಕೀಬೋರ್ಡ್, ಅಂದರೆ ಕೀಲಿಗಳ ಕೆಳಗೆ ಚಿಟ್ಟೆಯ ರೆಕ್ಕೆಯಂಥ ತೆಳು ಕೀಲು ಇರುವುದು. 2015ರಲ್ಲಿ 12 ಇಂಚಿನ ಮ್ಯಾಕ್‌ಬುಕ್‌ನಲ್ಲಿ ಬಂತು. ಬಾಡಿಯ ವಿಷಯದಲ್ಲಿ ಯಾರೂ ಬೆರಳು ತೋರಿಸುವಂತಿರಲಿಲ್ಲ. ಆದರೆ ಧೂಳಿನ ಕಣವೊಂದು ಒಳಸೇರಿದರೆ ಕೀಲಿ ಒತ್ತಿಕೊಳ್ಳದು, ಇಲ್ಲವೇ ಒಂದು ಅಕ್ಷರ ಎರಡಾಗಿ ಮೂಡುವುದು. ಕೀಬೋರ್ಡ್ ಮೇಲ್ಕವಚಕ್ಕೇ ಸೇರಿದ್ದರಿಂದ ಒಂದು ಕೀಲಿಗಾಗಿ ಇಡೀ ಕವಚವನ್ನೇ ಬದಲಿಸುವ ಪಾಡು. 2018ರಲ್ಲಿ ಕಂಪನಿ ಉಚಿತ ದುರಸ್ತಿ ಘೋಷಿಸಿತು, 2019ರ 16 ಇಂಚಿನ ಮಾದರಿಯಿಂದ ಕತ್ತರಿಯಾಕಾರದ ಕೀಲಿನ ಹಳೆಯ ವಿನ್ಯಾಸಕ್ಕೆ ಮರಳಿತು, 2022ರಲ್ಲಿ ಅಮೆರಿಕದ ಗ್ರಾಹಕರ ದಾವೆಯನ್ನು 5 ಕೋಟಿ ಡಾಲರ್‌ಗೆ ರಾಜಿ ಮಾಡಿಕೊಂಡಿತು. ಅಂಗಡಿಯಲ್ಲಿ ಹೆಬ್ಬೆರಳು ಊರಿ ನೋಡಿದ್ದರೆ ಆ ಯಂತ್ರಕ್ಕೆ ಪೂರ್ತಿ ಅಂಕ ಸಿಗುತ್ತಿತ್ತು.

ಹಾಗಾದರೆ ಒಳಗಿನದನ್ನು ಕೊಳ್ಳುವ ಮೊದಲು ನೋಡುವುದು ಹೇಗೆ? ಅಕ್ಕೋರು ಕೇಳಿದ್ದೂ ಇದನ್ನೇ. ದಾರಿಯಿದೆ, ಅದಕ್ಕೆ ದುಡ್ಡೂ ಬೇಡ. ಲೆನೊವೊ, ಡೆಲ್, ಎಚ್‌ಪಿ ಕಂಪನಿಗಳು ತಮ್ಮ ಬಹಳಷ್ಟು ಮಾದರಿಗಳ, ಮುಖ್ಯವಾಗಿ ಕಚೇರಿ ಸಾಲಿನವುಗಳ, ಸರ್ವಿಸ್ ಮ್ಯಾನುವಲ್‌ಗಳನ್ನು ತಮ್ಮ ಜಾಲತಾಣದಲ್ಲೇ ಇಟ್ಟಿವೆ. ಮಾದರಿಯ ಹೆಸರು ಹಾಕಿ ಇಳಿಸಿಕೊಂಡರೆ ಯಾವ ಭಾಗ ಯಾವುದರ ಕೆಳಗಿದೆ, ಕೀಬೋರ್ಡ್ ಪ್ರತ್ಯೇಕ ಸಿಗುತ್ತದೆಯೇ, ಹಿಂಜಿಗೆ ಎಷ್ಟು ಸ್ಕ್ರೂ ಎಲ್ಲವೂ ಚಿತ್ರ ಸಮೇತ ಇರುತ್ತದೆ. ಅಕ್ಕೋರಿಗೆ ನಾನು ತೋರಿಸಿದ್ದು ಎರಡು ಪುಟ ಮಾತ್ರ. ಹಿಂಜಿನ ಪುಟದಲ್ಲಿ ಪ್ಲಾಸ್ಟಿಕ್ ಯಂತ್ರದ ಹಿಂಜ್ ಕೂತಿದ್ದು ಒಳಗಿನ ಲೋಹದ ಚೌಕಟ್ಟಿನ ಮೇಲೆ. ಹೊರಗಿನಿಂದ ಕರಕರ ಎನ್ನುತ್ತಿದ್ದದ್ದು ಬರಿಯ ಹೊದಿಕೆ. ಬ್ಯಾಟರಿಯ ಪುಟದಲ್ಲಿ ಪ್ಲಾಸ್ಟಿಕ್ ಯಂತ್ರದ್ದು ಸ್ಕ್ರೂ, ಅಲ್ಯೂಮಿನಿಯಂನದ್ದು ಅಂಟು. ಬ್ಯಾಟರಿ ಯಾವ ಯಂತ್ರದ್ದಾದರೂ ಒಂದಲ್ಲ ಒಂದು ದಿನ ಸೊರಗುತ್ತದೆ, ಕೆಲವು ಉಬ್ಬುತ್ತವೆ. ಉಬ್ಬಿದ ಲಿಥಿಯಂ ಚೀಲವನ್ನು ಅಂಟಿನಿಂದ ಎಬ್ಬಿಸುವುದು ನನಗೆ ಇಷ್ಟವಿಲ್ಲದ ಕೆಲಸ. ತುದಿ ತಾಗಿ ತೂತಾದರೆ ಬೆಂಕಿ.

ಬಿಡಿಭಾಗದ ಮಾತು ನಮ್ಮಲ್ಲಿ ಬೆಂಗಳೂರಿನಷ್ಟು ಹಗುರವಾದದ್ದಲ್ಲ. ನನ್ನ ಬಳಿ ಇಲ್ಲದ ಪ್ಯಾನೆಲ್ ಹುಬ್ಬಳ್ಳಿಯಿಂದ ಯಲ್ಲಾಪುರ, ಅರಬೈಲ್ ಘಟ್ಟ ಇಳಿದು ಬರಬೇಕು. ಮಳೆಗಾಲದಲ್ಲಿ ಗುಡ್ಡ ಕುಸಿದರೆ ಅದೂ ಇಲ್ಲ. ಕಚೇರಿ ಸಾಲಿನ ಯಂತ್ರಗಳು ದೊಡ್ಡ ಸಂಖ್ಯೆಯಲ್ಲಿ ಮಾರಾಟವಾಗಿ, ಹಳತಾಗಿ ಮತ್ತೆ ಮಾರುಕಟ್ಟೆಗೆ ಬರುವುದರಿಂದ ಅವುಗಳ ಸಿ ಪ್ಯಾನೆಲ್, ಹಿಂಜ್, ಕೀಬೋರ್ಡ್ ಸುಲಭವಾಗಿ ಸಿಗುತ್ತವೆ. ಒಂದೇ ವರ್ಷ ಮಾರಿ ನಿಲ್ಲಿಸಿದ ಚೆಂದದ ಮಾದರಿಗಳದ್ದು ಸಿಗುವುದಿಲ್ಲ. ವಾರಂಟಿ ಪತ್ರವನ್ನೂ ಒಮ್ಮೆ ಓದಿ. ಹಿಂಜ್ ಮುರಿದರೆ ಹಲವು ಕಡೆ ಅದನ್ನು ಗಿರಾಕಿಯ ಕೈಯಿಂದಾದ ಹಾನಿ ಎಂದು ಬರೆದು ಕೈತೊಳೆದುಕೊಳ್ಳುತ್ತಾರೆ. ದಿನವೂ ಹೊತ್ತು ತಿರುಗುವವರು ಆಕಸ್ಮಿಕ ಹಾನಿಯ ಹೆಚ್ಚುವರಿ ರಕ್ಷಣೆಯನ್ನು ಕೊಳ್ಳುವಾಗಲೇ ತೆಗೆದುಕೊಳ್ಳುವುದು ಮೇಲು.

ಅಕ್ಕೋರು ಪ್ಲಾಸ್ಟಿಕ್ಕಿನದನ್ನೇ ಕೊಂಡರು, ಮುಚ್ಚಳಕ್ಕೆಂದು ಗಟ್ಟಿ ಕವರೊಂದನ್ನೂ.

ಎಲ್ಲರಿಗೂ ಇದೇ ಸಲಹೆಯಲ್ಲ. ಶಿರಸಿಯ ಅಡಿಕೆ ವ್ಯಾಪಾರಿಯೊಬ್ಬರು, ನಮ್ಮ ದೂರದ ಸಂಬಂಧಿ, ಇಂಥದ್ದೇ ತೆಳು ಅಲ್ಯೂಮಿನಿಯಂ ಯಂತ್ರ ಕೊಳ್ಳುವ ಮುನ್ನ ಫೋನ್ ಮಾಡಿದ್ದರು. "ಅದು ಮಂಡಿಯ ಮೇಜು ಬಿಟ್ಟು ಎಲ್ಲಿಗಾದರೂ ಹೋಗುತ್ತದೆಯೇ ಭಾವ?" ಎಂದು ಕೇಳಿದೆ. "ಎಲ್ಲಿಗೂ ಇಲ್ಲ, ಬಿಲ್ ಮಾಡಿ ರಾತ್ರಿ ಕಪಾಟಿಗೆ." ಘಟ್ಟದ ಮೇಲೆ ಉಪ್ಪುಗಾಳಿಯಿಲ್ಲ, ಬಸ್ಸಿಲ್ಲ, ಚೀಲವಿಲ್ಲ. ಬಿಲ್ ಬರೆಯುವುದಕ್ಕೆ ಇದ್ದಷ್ಟೇ ರ‍್ಯಾಮ್ ಧಾರಾಳ. ತೆಗೆದುಕೊಳ್ಳಿ ಎಂದೆ, ಪರದೆ ಚೆನ್ನಾಗಿದೆ, ಕಣ್ಣಿಗೂ ಹಿತ. ಮಳೆಗಾಲದಲ್ಲಿ ಕಪಾಟಿನೊಳಗೆ ಬೂಸು ಹಿಡಿಯದಂತೆ ಸಿಲಿಕಾ ಜೆಲ್‌ನ ಪೊಟ್ಟಣ ಇಡಲು ಮಾತ್ರ ಹೇಳಿದ್ದೇನೆ, ಇಟ್ಟಿದ್ದಾರೋ ಇಲ್ಲವೋ.